ಪಾಳು ಕಟ್ಟಡದೊಳಗೆ ಪೋಲರೈಸರ್: ನನ್ನ ಅನುಭವ

ಮೊದಲೇ ಮಬ್ಬಾಗಿರುವ ಪಾಳು ಕಟ್ಟಡದೊಳಗೆ ಲೆನ್ಸಿನ ಮುಂದೆ ಪೋಲರೈಸರ್, ಅಂದರೆ ಪ್ರತಿಫಲನದ ಹೊಳಪನ್ನು ತಗ್ಗಿಸುವ ಫಿಲ್ಟರ್, ಹಾಕುವುದು ಇರುವ ಬೆಳಕನ್ನೂ ಕಳೆದುಕೊಂಡಂತೆ ಎಂದು ಜೊತೆಯ ಛಾಯಾಗ್ರಾಹಕರು ಹೇಳುತ್ತಲೇ ಬಂದರು. ಒಂದೂವರೆಯಿಂದ ಎರಡು ಸ್ಟಾಪ್ ಹೋಗುವುದು ನಿಜವೇ (ಒಂದು ಸ್ಟಾಪ್ ಎಂದರೆ ಬೆಳಕು ಅರ್ಧಕ್ಕೆ ಇಳಿದಂತೆ). ಆದರೆ ಮಳೆ ನಿಂತ ಮೇಲೆ, ಮೋಡ ಇನ್ನೂ ಕವಿದಿರುವಾಗ, ಛಾವಣಿ ಕುಸಿದ ಕೋಣೆಯಲ್ಲಿ ಗೋಡೆ ಸೀಳಿ ಬೆಳೆದ ಅರಳಿಯ ಮುಂದೆ ನಿಂತು ಫಿಲ್ಟರನ್ನು ನಿಧಾನವಾಗಿ ತಿರುಗಿಸಿದರೆ, ಎಲೆಗಳ ಮೇಲೆ ಕೂತಿದ್ದ ಬಿಳಿ ಹೊಳಪು ಇಳಿದು, ಎಲೆಯ ನರಗಳು, ಗಾರೆಗೆ ಅಂಟಿದ ಪಾಚಿ, ಬೇರುಗಳ ನಡುವೆ ಇಣುಕುವ ಇಟ್ಟಿಗೆಯ ಕೆಂಪು ಒಂದೊಂದಾಗಿ ತೆರೆದುಕೊಳ್ಳುತ್ತವೆ. ಗೋಡೆಗೆ ನೇರ ಎದುರಾಗಿ ನಿಂತರೆ ಏನೂ ಬದಲಾಗದು. ಆ ನೇರದಿಂದ ಸುಮಾರು 55 ಡಿಗ್ರಿ ಓರೆಯಲ್ಲಿ ನಿಲ್ಲಬೇಕು. ತುಕ್ಕು ಹಿಡಿದ ಕಿಟಕಿ ಸರಳಿನ ಹೊಳಪು ಕರಗುತ್ತದೆ, ಬರಿ ಲೋಹದ್ದು ಕರಗುವುದಿಲ್ಲ.

ಈ ವಿಧಾನಕ್ಕೆ ಬರುವ ಮುನ್ನ ಹಣ ಸಾಕಷ್ಟು ಹೋಯಿತು. ಎಲ್ಲರೂ ಹೊಗಳುವ, ಅತಿ ಅಗಲ ನೋಟದ 14 ಮಿ.ಮೀ. ಲೆನ್ಸ್ ಕೊಂಡೆ. ಕೋಣೆಯೇನೋ ಅರಮನೆಯಷ್ಟು ದೊಡ್ಡದಾಗಿ ಕಂಡಿತು, ಆದರೆ ಗೋಡೆಯನ್ನು ನುಂಗುತ್ತಿದ್ದ ಬೇರುಗಳು ದಾರದ ಎಳೆಗಳಾದವು. ಉಬ್ಬಿದ ಅದರ ಮುಂಗಾಜಿಗೆ ಸಾಮಾನ್ಯ ಫಿಲ್ಟರ್ ಕೂರುವುದೂ ಇಲ್ಲ. ಹೆಚ್ಚುಕಡಿಮೆ ಅರ್ಧ ಬೆಲೆಗೆ ಮಾರಿದೆ. ಈಗ ಒಳಗಿನ ಚಿತ್ರಗಳಲ್ಲಿ ಬಹುಪಾಲು 35 ಅಥವಾ 50 ಮಿ.ಮೀ.ನವು, ಮತ್ತು ಆ 14 ಮಿ.ಮೀ. ಲೆನ್ಸಿನ ಬೆಲೆಯ ಸಣ್ಣದೊಂದು ಪಾಲಿಗೆ ಬಂದ ಫಿಲ್ಟರಿನಿಂದಲೇ ಅದಕ್ಕಿಂತ ಒಳ್ಳೆಯ ಚಿತ್ರಗಳು ಬಂದಿವೆ. ಫ್ಲ್ಯಾಶ್ ಅಂತೂ ಗಾಳಿಯಲ್ಲಿ ತೇಲುವ ಧೂಳನ್ನಷ್ಟೇ ಬೆಳಗಿಸಿತು.

ಹೆಚ್ಚು ಕಾಡಿದ್ದು ಗಾಳಿ. ಐಎಸ್‌ಒ (ಬೆಳಕಿಗೆ ಸೆನ್ಸರ್ ಎಷ್ಟು ಸ್ಪಂದಿಸುತ್ತದೆ ಎಂಬುದು) 100, ಲೆನ್ಸಿನ ಕಿಂಡಿ ಎಫ್/8 ಇಟ್ಟರೆ ಎಕ್ಸ್‌ಪೋಷರ್ ಸುಮಾರು ನಾಲ್ಕು ಸೆಕೆಂಡಿಗೆ ಹೋಗುತ್ತದೆ, ಅಷ್ಟರಲ್ಲಿ ಬಳ್ಳಿಗಳು ಅಲುಗಿರುತ್ತವೆ. ಕಿಟಕಿಯ ಬೆಳಕಿಗಾಗಿ ಬ್ರಾಕೆಟಿಂಗ್ ಮಾಡಿ, ಅಂದರೆ ಒಂದೇ ದೃಶ್ಯವನ್ನು ಬೇರೆ ಬೇರೆ ಎಕ್ಸ್‌ಪೋಷರಿನಲ್ಲಿ ತೆಗೆದು, ಎಲ್ಲವನ್ನೂ ಬೆರೆಸಿದರೆ ಒಂದೊಂದು ಎಲೆಗೂ ಮೂರು ಮೂರು ನೆರಳು ಬರುತ್ತದೆ. ಹಾಗಾಗಿ ಟ್ರೈಪಾಡ್ ಕದಲಿಸದೆ, ಎಲೆಗಳಿಗಾಗಿಯೇ ಐಎಸ್‌ಒ 1600ರಲ್ಲಿ ಕಾಲು ಸೆಕೆಂಡಿನ ಇನ್ನೊಂದು ಫ್ರೇಮ್ ತೆಗೆದು, ಅದರ ಎಲೆಗಳ ಭಾಗವನ್ನಷ್ಟೇ ಮಾಸ್ಕ್ ಮೂಲಕ ಮೊದಲ ಫ್ರೇಮಿಗೆ ಸೇರಿಸುತ್ತೇನೆ. ಕಾಲು ಸೆಕೆಂಡಿಗೂ ಗಾಳಿ ನಿಲ್ಲುವ ಗಳಿಗೆಯನ್ನು ಮೊದಲೇ ಗುರುತಿಸಲು ನನಗೊಂದು ಉಪಾಯವಿದೆ, ಅದು ಸದ್ಯಕ್ಕೆ ನನ್ನಲ್ಲೇ ಇರಲಿ. ಬಣ್ಣವನ್ನು ಕ್ಯಾಮೆರಾವೇ ಸರಿದೂಗಿಸುವ ಆಟೋ ವೈಟ್ ಬ್ಯಾಲೆನ್ಸನ್ನು ಮಾತ್ರ ನಂಬಬೇಡಿ, ಎಲೆಗಳಿಂದ ಸೋಸಿ ಗೋಡೆಗೆ ಬಿದ್ದ ಹಸಿರು ಛಾಯೆಯನ್ನೇ ಅದು ತಪ್ಪೆಂದು ಭಾವಿಸಿ ಅಳಿಸಿಹಾಕುತ್ತದೆ. ನಾನು ಅದನ್ನು 5500 ಕೆಲ್ವಿನ್ (ಹಗಲು ಬೆಳಕಿನ ಬಣ್ಣ) ಆಸುಪಾಸಿನಲ್ಲಿ ನಿಲ್ಲಿಸಿಡುತ್ತೇನೆ.

ನಡುವೆ ಹಳೆಯ ಕ್ಯಾಮೆರಾ ಒಂದನ್ನು 720 ನ್ಯಾನೋಮೀಟರಿನಾಚೆಯ, ಕಣ್ಣಿಗೆ ಕಾಣದ ಇನ್‌ಫ್ರಾರೆಡ್‌ಗೆ ಮಾರ್ಪಡಿಸಿಯೂ ನೋಡಿದೆ. ಜೀವಂತ ಎಲೆಗಳು ಬೆಳ್ಳಗೆ ಹೊಳೆದವು, ಹಸಿರು ಬಣ್ಣ ಬಳಿದ ಬಾಗಿಲು ಕಪ್ಪಾಗಿಯೇ ಉಳಿಯಿತು. ಗಿಡ ಯಾವುದು, ಬಣ್ಣ ಯಾವುದು ಎಂದು ಬೇರ್ಪಡಿಸಿ ತೋರಿಸಲು ಇದಕ್ಕಿಂತ ಸುಲಭ ದಾರಿಯಿಲ್ಲ. ಆದರೆ ನನಗೆ ಬೇಕಾದ ಹಸಿತನವೇ ಅದರಲ್ಲಿ ಇರಲಿಲ್ಲ, ಆದ್ದರಿಂದ ಮುಂದುವರಿಸಲಿಲ್ಲ.

ಮಾಲೀಕರ ಅನುಮತಿ, ಧೂಳು ಮತ್ತು ಹಕ್ಕಿಹಿಕ್ಕೆಯಿಂದ ಕಾಪಾಡುವ ಎನ್95 ಮುಖಗವಸು ನಿಮಗೆ ಗೊತ್ತಿರುವವೇ. ಒದ್ದೆ ದಿನಗಳಲ್ಲೇ ಈ ವಿಧಾನ ಫಲ ಕೊಡುವುದರಿಂದ ಮರದ ಅಟ್ಟಗಳಿಗೆ ನಾನು ಹತ್ತುವುದಿಲ್ಲ. ನೀರು ಕುಡಿದ ತೊಲೆ ಮೇಲೆ ಗಟ್ಟಿಯಾಗಿ ಕಂಡರೂ ಗೋಡೆಯೊಳಗೆ ಸೇರುವ ತುದಿಯಲ್ಲಿ ಕೊಳೆತಿರಬಹುದು.