ಪಾಳೆಯಪಟ್ಟಿನ ಆಟಕ್ಕೆ ಆಡಳಿತ ಹೆಣೆಯುವಾಗ: ತೂಬು ಎತ್ತುವವರು ಯಾರು?

ಮಧುಗಿರಿ, ಪಾವಗಡ, ಗುಡಿಬಂಡೆ, ನಂದಿ, ಎಲ್ಲಿ ನೋಡಿದರೂ ಬೆಟ್ಟ, ಬೆಟ್ಟದ ಮೇಲೆ ಕೋಟೆ. ಪಕ್ಕದಲ್ಲೇ ಮೊಗಲರ ಸುಬಾ (ಪ್ರಾಂತ್ಯ) ಆಗಿದ್ದ ಶಿರಾ. ಹತ್ತಾರು ಜನ ಸೇರಿ ಆನ್‌ಲೈನ್‌ನಲ್ಲಿ ಆಡುವ ತಂತ್ರದಾಟಕ್ಕೆ ನಕ್ಷೆ ಸಿದ್ಧವಾಗಿಯೇ ಇದೆ. ಕಷ್ಟವಿರುವುದು ಆಡಳಿತದ ನಿಯಮ ಬರೆಯುವುದರಲ್ಲಿ. ‘ಪಾಳೆಯಗಾರಿಕೆಗೆ ಸೈನ್ಯ ಶೇ 10 ಜಾಸ್ತಿ, ಸಭೆಯ ಆಡಳಿತಕ್ಕೆ ತೆರಿಗೆ ಶೇ 10 ಜಾಸ್ತಿ’ ಎಂದಷ್ಟೇ ಬರೆದರೆ ಆಟಗಾರರು ಲೆಕ್ಕ ಹಾಕಿ ಲಾಭದ್ದನ್ನು ಹಿಡಿಯುತ್ತಾರೆ, ಉಳಿದದ್ದನ್ನು ಯಾರೂ ಮುಟ್ಟುವುದಿಲ್ಲ.

ಮೊದಲು ಅಧಿಕಾರಗಳ ಪಟ್ಟಿ ಮಾಡಿ: ತೆರಿಗೆ ದರ, ಖಜಾನೆಯ ಖರ್ಚು, ಯುದ್ಧ, ಒಪ್ಪಂದ, ಸದಸ್ಯರನ್ನು ಹೊರಹಾಕುವುದು, ತೂಬು ಎತ್ತುವುದು, ನಿಯಮ ತಿದ್ದುವುದು. ಏಳೆಂಟು ಸಾಕು. ಪ್ರತಿಯೊಂದರ ಮುಂದೆ ನಾಲ್ಕು ಕಾಲಂ ಎಳೆಯಿರಿ: ಯಾರು ಶುರು ಮಾಡಬಹುದು, ಯಾರ ಒಪ್ಪಿಗೆ ಬೇಕು, ಎಷ್ಟು ಗಂಟೆ ಬಿಟ್ಟು ಜಾರಿ, ಯಾರು ತಡೆಯಬಹುದು. ಈ ಕಾಲಂ ತುಂಬುವುದೇ ವಿನ್ಯಾಸ. ‘ರಾಜ್ಯ’, ‘ಗಣರಾಜ್ಯ’ ಎಂಬ ಹೆಸರು ಕೊನೆಗೆ ಅಂಟಿಸುವ ಚೀಟಿ.

ತೂಬನ್ನೇ ತೆಗೆದುಕೊಳ್ಳಿ. ಕೋಲಾರ, ಚಿಕ್ಕಬಳ್ಳಾಪುರದಲ್ಲಿ ವರ್ಷವಿಡೀ ಹರಿಯುವ ನದಿಯಿಲ್ಲ. ಇರುವುದು ಸರಣಿ ಕೆರೆಗಳು. ಮೇಲಿನ ಕೆರೆ ಕೋಡಿ ಬಿದ್ದರೆ ನೀರು ಕೆಳಗಿನ ಕೆರೆಗೆ. ಗದ್ದೆಗೆ ಸರದಿಯಂತೆ ನೀರು ಬಿಡುವವನು ನೀರುಗಂಟಿ. ಆಟದಲ್ಲಿ ಈ ಹುದ್ದೆ ಇರಲೇಬೇಕು. ಪಾಳೆಯಗಾರನೇ ಅವನನ್ನು ನೇಮಿಸಿದರೆ ಯುದ್ಧ ಶುರುವಾದ ಕ್ಷಣವೇ ಕೆಳಗಿನವರ ನೀರು ನಿಲ್ಲಿಸಬಹುದು. ಊರ ಸಭೆ ಆರಿಸಿದರೆ ಮತಕ್ಕೆ 12 ಗಂಟೆ ಬೇಕು, ಆದರೆ ಸರದಿ ತಪ್ಪದ್ದರಿಂದ ಫಸಲು ನಿಶ್ಚಿತ. ಕೆರೆ ಒಂದೇ, ಆಟ ಎರಡು. ನೀರು ತಡೆದಿಟ್ಟವರಿಗೂ ಅಪಾಯವಿರಲಿ: ಕೋಡಿ ಕಟ್ಟಿ ಹಿಡಿದಷ್ಟೂ ಮಳೆಗಾಲದಲ್ಲಿ ಕೆರೆಯ ಏರಿ ಒಡೆಯುವ ಸಾಧ್ಯತೆ ಹೆಚ್ಚುತ್ತಾ ಹೋಗಬೇಕು. ಇಲ್ಲದಿದ್ದರೆ ಮೇಲಿನ ಕೆರೆ ಸಿಕ್ಕವರೇ ಗೆಲ್ಲುತ್ತಾರೆ.

ಆಯ್ಕೆಗಳ ಆಸೆಗೆ ಲಗಾಮು ಹಾಕಿ. ಐದು ವಿಭಾಗ, ತಲಾ ನಾಲ್ಕು ಆಯ್ಕೆ ಎಂದರೆ 1,024 ಜೋಡಣೆ, ಯಾರು ಪರೀಕ್ಷಿಸುತ್ತಾರೆ? ನಾಲ್ಕು ವಿಭಾಗ, ತಲಾ ಮೂರು ಆಯ್ಕೆ ಇಟ್ಟರೆ 81. ಅದರಲ್ಲೂ ಹೊಂದದವನ್ನು (ವಂಶಪಾರಂಪರ್ಯದ ಗದ್ದುಗೆ, ಜೊತೆಗೆ ತಿಂಗಳಿಗೊಮ್ಮೆ ಚುನಾವಣೆ) ಸರ್ವರ್‌ನಲ್ಲೇ ತಡೆಯಿರಿ. ಆಟಗಾರರ ಪರದೆಯಲ್ಲಿ ಬಟನ್ ಮರೆಮಾಡಿದರೆ ಸಾಲದು.

ಬಹುಪಾಲು ಆಟಗಳು ಕೆಡುವುದು ಗೈರುಹಾಜರಿಯಿಂದ. 20 ಜನರ ರಾಜ್ಯದಲ್ಲಿ ಕೋರಂ (ತೀರ್ಮಾನಕ್ಕೆ ಬೇಕಾದ ಕನಿಷ್ಠ ಹಾಜರಿ) 11 ಎಂದು ಬರೆದಿದ್ದೀರಿ. ಪರೀಕ್ಷೆ ಬಂತು, ಹತ್ತು ಮಂದಿ ಮಾಯ, ತೆರಿಗೆಯನ್ನೂ ಬದಲಿಸಲಾಗದು. ಆದ್ದರಿಂದ ಕೊನೆಯ 72 ಗಂಟೆಯಲ್ಲಿ ಲಾಗಿನ್ ಆದವರನ್ನಷ್ಟೇ ಕೋರಂಗೆ ಎಣಿಸಿ. ನಾಯಕ ಐದು ದಿನ ಕಾಣದಿದ್ದರೆ ಅಧಿಕಾರ ತಾನಾಗಿಯೇ ದಳವಾಯಿಗೆ ಹೋಗಲಿ. ಮತ ಸಮವಾದರೆ ಇದ್ದದ್ದೇ ಇರಲಿ. ಮತದಾನದ ನಡುವೆ ನಿಯಮ ಬದಲಾದರೆ ಎಣಿಕೆ ಹಳೆಯ ನಿಯಮದಂತೆಯೇ ನಡೆಯಬೇಕು. ಇದನ್ನು ಬರೆಯದಿದ್ದರೆ ಮೊದಲ ಜಗಳ ಅಲ್ಲೇ.

ಎರಡನೆಯದು ಪಕ್ಷಾಂತರ ಮತ್ತು ಬೇನಾಮಿ ಖಾತೆ. ಹೊಸದಾಗಿ ಸೇರಿದವರಿಗೆ 48 ಗಂಟೆ ಮತವಿಲ್ಲ, ಖಜಾನೆಯಿಂದ ದಿನಕ್ಕೆ ಶೇ 10ಕ್ಕಿಂತ ಹೆಚ್ಚು ತೆಗೆಯುವಂತಿಲ್ಲ. ಇವೆರಡಿದ್ದರೆ ರಾತ್ರೋರಾತ್ರಿ ಖಜಾನೆ ಬರಿದಾಗದು. ಹುದ್ದೆಗಳಿಗೂ ಮಿತಿ ಬೇಕು. ಸಂವಿಧಾನದ 91ನೇ ತಿದ್ದುಪಡಿ ಮಂತ್ರಿಗಳ ಸಂಖ್ಯೆಯನ್ನು ಸದನದ ಶೇ 15ಕ್ಕೆ ಕಟ್ಟಿಹಾಕಿದೆ, 224 ಸ್ಥಾನದ ಕರ್ನಾಟಕಕ್ಕೆ 34. ಅದೇ ಲೆಕ್ಕದಲ್ಲಿ 20 ಜನರ ರಾಜ್ಯಕ್ಕೆ ಮೂವರು. ಹುದ್ದೆ ಸಿಗದವರ ಮುನಿಸೇ ಆಟದ ಅರ್ಧ ರುಚಿ, ಅದನ್ನು ಕಳೆಯಬೇಡಿ.

ಆಡಳಿತ ಬದಲಿಸಲು ಬೆಲೆ ಇಡಿ. ಫ್ರೀಸಿವ್ ಎಂಬ ಮುಕ್ತ ತಂತ್ರಾಂಶದ ತಂತ್ರದಾಟದಲ್ಲಿ ಕ್ರಾಂತಿಯ ನಡುವೆ ಅರಾಜಕತೆ ಬರುತ್ತದೆ. ಅಂಥದ್ದೇ ಒಂದು ದಿನದ ತೆರಿಗೆ ನಷ್ಟ ಸಾಕು. ಆ ಆಟದ ಆಡಳಿತಗಳೂ ಪರಿಣಾಮಗಳೂ ರೂಲ್‌ಸೆಟ್ (ನಿಯಮಗಳ) ಫೈಲುಗಳಲ್ಲಿರುವುದರಿಂದ ತೆರಿಗೆ, ಸೈನ್ಯದ ಅಂಕಿಗಳನ್ನು ಅಲ್ಲೇ ತಿದ್ದಿ ನೋಡಬಹುದು. ಮತದಾನದ ಭಾಗವನ್ನು ಮಾತ್ರ ಕೋಡ್ ಬರೆಯುವ ಮೊದಲು ಕಾಗದದ ಮೇಲೆ ಆಡಿ: ಆರು ಜನ, ಒಂದು ನಕ್ಷೆ, ನೀರಿಗೆ ಬದಲು ಹುಣಸೆ ಬೀಜ. ತುಮಕೂರಿನಲ್ಲಿ ಅದಕ್ಕೇನು ಬರವೇ? ಒಬ್ಬರನ್ನು ಬೇಕೆಂದೇ ನಡುವೆ ಎದ್ದು ಹೋಗಲು ಹೇಳಿ, ಇನ್ನೊಬ್ಬರಿಗೆ ಖಜಾನೆ ಕದಿಯುವುದೇ ಕೆಲಸ ಎಂದು ಗುಟ್ಟಾಗಿ ತಿಳಿಸಿ.