ಹೆಸರು ಬದಲಾಯಿಸಿದರೂ ಊರಿಗೆ ಗೊತ್ತಾಗುತ್ತೆ: ನನ್ನ ಎಂ.ಎಡ್. ಪ್ರಬಂಧದ ಅನುಭವ

ನಾನು ಮಂಡ್ಯ ಜಿಲ್ಲೆಯ ಒಂದು ಸರ್ಕಾರಿ ಪ್ರೌಢಶಾಲೆಯ ಶಿಕ್ಷಕಿ. ಕಬ್ಬಿನ ಕೆಲಸ ಜೋರಾದಾಗ ನಮ್ಮ ಕಡೆ ಕೂಲಿ ಮನೆಗಳ ಮಕ್ಕಳ ಹಾಜರಿ ಇಳಿಯುತ್ತೆ. ಯಾಕೆ ಅಂತ ಮನೆಯವರ ಬಾಯಲ್ಲೇ ಕೇಳೋಣ ಅಂತ ಎಂ.ಎಡ್. ಪ್ರಬಂಧಕ್ಕೆ ಇದನ್ನೇ ಆರಿಸಿಕೊಂಡೆ. ಪ್ರಶ್ನಾವಳಿ ಹಂಚಲಿಲ್ಲ, ಕೆಲವೇ ಮನೆಗಳಲ್ಲಿ ಕೂತು ನಿಧಾನವಾಗಿ ಮಾತಾಡಿದೆ.

ಹೆಡ್‌ಮಾಸ್ಟರ್ ಸಹಿ, ಬಿಇಒ ಕಚೇರಿಯ ಪತ್ರ ಎಲ್ಲ ಬೇಗ ಸಿಕ್ಕಿತು. ಕಷ್ಟ ಶುರುವಾಗಿದ್ದು ಮನೆ ಬಾಗಿಲಲ್ಲಿ. ಒಬ್ಬ ತಾಯಿ ಒಪ್ಪಿಗೆ ಪತ್ರದಲ್ಲಿ ಏನಿದೆ ಅಂತ ನಾನು ಹೇಳೋಕೆ ಮುಂಚೆಯೇ ಪೆನ್ನಿಗೆ ಕೈ ಚಾಚಿದರು. "ನೀವ್ ಕೇಳಿದ್ಮೇಲೆ ಇಲ್ಲ ಅನ್ನಕಾಯ್ತದಾ ಮೇಡಂ, ಎಲ್ಲಿ ಆಕ್ಬೇಕು ಏಳಿ" ಅಂದರು. ಅವರ ಮಗಳಿಗೆ ಎಫ್‌ಎ (ಶಾಲೆಯಲ್ಲೇ ನಡೆಸುವ ರೂಪಣಾತ್ಮಕ ಮೌಲ್ಯಮಾಪನ) ಅಂಕ ಕೊಡೋದು ನಾನು. ಇಂಥ ಕಡೆ ಸಹಿ ಬಿದ್ದರೆ ಅದನ್ನ ಒಪ್ಪಿಗೆ ಅಂತ ಹೇಗೆ ನಂಬೋದು?

ಅದಕ್ಕೆ ನಾನು ಪಾಠ ಮಾಡುವ ಮಕ್ಕಳ ಮನೆಗಳನ್ನು ಪೂರ್ತಿ ಬಿಟ್ಟು ಬೇರೆ ಶಾಲೆಯ ಊರಿಗೆ ಹೋದೆ. ಅಲ್ಲೂ ನಾನು ಮೇಡಮ್ಮೇ, ಆದರೆ ಅಂಕ ನನ್ನ ಕೈಲಿಲ್ಲ. ಮೊದಲ ಸಲ ಹೋದಾಗ ಸಹಿ ಕೇಳಲಿಲ್ಲ. ಏನು ಕೇಳ್ತೀನಿ, ಯಾಕೆ ಕೇಳ್ತೀನಿ ಅಂತ ಹೇಳಿ, ಇಷ್ಟ ಇದ್ದರೆ ಮಾತ್ರ ಮಿಸ್ಡ್ ಕಾಲ್ ಕೊಡಿ ಅಂತ ನಂಬರ್ ಬರೆದುಕೊಟ್ಟು ಬಂದೆ. ಮುಖ ನೋಡಿ ಬೇಡ ಅನ್ನೋದು ಕಷ್ಟ, ಮಿಸ್ಡ್ ಕಾಲ್ ಕೊಡದೆ ಸುಮ್ನೆ ಇರೋದು ಸುಲಭ ಅಲ್ವಾ? ಕೆಲವರು ಸುಮ್ನಾದರು. ನಾನೂ ಮತ್ತೆ ಅವರ ಬಾಗಿಲಿಗೆ ಹೋಗಲಿಲ್ಲ.

ಮಕ್ಕಳ ವಿಷಯಕ್ಕೆ ಐಸಿಎಂಆರ್‌ (ಭಾರತೀಯ ವೈದ್ಯಕೀಯ ಸಂಶೋಧನಾ ಮಂಡಳಿ) ಕೊಟ್ಟ 2017ರ ನೈತಿಕ ಮಾರ್ಗಸೂಚಿ ನೋಡಿಕೊಂಡೆ. ಅದು ಆರೋಗ್ಯ ಸಂಶೋಧನೆಗೆ ಮಾಡಿದ್ದು, ಆದರೂ ನಮಗೆ ಉಪಯೋಗಕ್ಕೆ ಬರುತ್ತೆ: 7ರಿಂದ 18 ವರ್ಷದವರಾದರೆ ಹೆತ್ತವರು ಒಪ್ಪಿದರಷ್ಟೇ ಸಾಲದು, ಮಗುವೂ ಒಪ್ಪಬೇಕು. ಒಂದು ಮನೇಲಿ ಹುಡುಗ ಮೊದಲು ತಲೆ ಆಡಿಸಿದ, ಮೊಬೈಲಲ್ಲಿ ರೆಕಾರ್ಡ್ ಶುರುವಾದ ಕೂಡಲೇ ನೆಲ ನೋಡಿದ. "ಏಳ್ಲಾ, ಮೇಡಮ್ಮು ಕೇಳ್ತಾವ್ರೆ" ಅಂತ ಅಪ್ಪ ಗದರಿದರು. ರೆಕಾರ್ಡಿಂಗ್ ನಿಲ್ಲಿಸಿ, ಕಾಫಿ ಕುಡಿದು ಬಂದೆ.

ಇನ್ನೊಂದು. "ನೀವು ಹೇಳಿದ್ದು ಯಾರಿಗೂ ಹೇಳಲ್ಲ" ಅಂತ ಪೂರ್ತಿ ಮಾತು ಕೊಡಬೇಡಿ. ಮಗುವಿನ ಮೇಲೆ ಲೈಂಗಿಕ ದೌರ್ಜನ್ಯ ಆಗಿರೋದು ಗೊತ್ತಾದರೆ 2012ರ ಪೋಕ್ಸೋ ಕಾಯ್ದೆ ಪ್ರಕಾರ ತಿಳಿಸಲೇಬೇಕು. ಇದನ್ನ ಮೊದಲೇ ಹೇಳಿಬಿಟ್ಟೆ.

ದಿನಾ ರಾತ್ರಿ ಒಂದು ನೋಟ್‌ಬುಕ್ಕಲ್ಲಿ ನನ್ನ ಬಗ್ಗೆಯೇ ಬರೆದುಕೊಳ್ಳುತ್ತಿದ್ದೆ. ನಮ್ಮದು ಜಮೀನಿರುವ ಮನೆ, ತಾತನ ಕಾಲದಿಂದ ಕೂಲಿಗೆ ಕರೆಯುವವರು ನಾವು. ಯಾರಾದರೂ ಮಾಲೀಕರನ್ನ ಬೈದರೆ ನನ್ನ ಮನಸ್ಸು "ಬೆಲ್ಲಕ್ಕೆ ರೇಟೇ ಇಲ್ಲ, ಅವರಾದ್ರೂ ಏನ್ಮಾಡ್ತಾರೆ" ಅಂತ ಒಳಗೇ ವಕಾಲತ್ತು ಮಾಡುತ್ತಿತ್ತು. ಬರೆದಿಟ್ಟಿದ್ದರಿಂದ ಅದು ಕಣ್ಣಿಗೆ ಬಿತ್ತು. "ಶಾಲೆಗೆ ಕಳಿಸಬಹುದಿತ್ತಲ್ವಾ" ಅನ್ನುವಂಥ ಪ್ರಶ್ನೆಗಳನ್ನೆಲ್ಲ ತೆಗೆದು, "ಆವತ್ತು ಬೆಳಿಗ್ಗೆ ಎದ್ದಾಗಿಂದ ಏನೇನಾಯ್ತು ಹೇಳಿ" ಅಂತ ಕೇಳೋಕೆ ಶುರು ಮಾಡಿದೆ. ಉತ್ತರಗಳು ಉದ್ದವಾದವು.

ಹೀಗೆ ಸಿಕ್ಕಿದ್ದೇ ಒಬ್ಬ ತಾಯಿಯ ಮಾತು. ಅವರು ಆಲೆಮನೆಗೆ ಬೆಳಕು ಹರಿಯೋಕೆ ಮುಂಚೆ ಹೋಗಬೇಕು, ಅಷ್ಟೊತ್ತಿಗೆ ಅಂಗನವಾಡಿ ತೆರೆದಿರಲ್ಲ, ಕೈಕೂಸನ್ನ ಕರ್ಕೊಂಡು ಬರಬೇಡ ಅಂತಾರೆ ಮಾಲೀಕರು, ಹಾಗಾಗಿ ಒಂಬತ್ತನೇ ಕ್ಲಾಸಿನ ಮಗಳು ಮನೇಲಿ ಉಳಿಯುತ್ತಾಳೆ. ಮಾಲೀಕರ ಬಗ್ಗೆ ಅವರು ಆಡಿದ ಒಂದು ಸಾಲು ಇಡೀ ಪ್ರಬಂಧದಲ್ಲೇ ಖಡಕ್ಕಾಗಿತ್ತು. ಆದರೆ ಆ ಊರಲ್ಲಿ ಇರೋದೇ ಒಂದು ಆಲೆಮನೆ, ಅಲ್ಲಿ ಕೈಕೂಸಿನ ತಾಯಿ ಇವರೊಬ್ಬರೇ. ಬೇರೆ ಹೆಸರು ಕೊಟ್ಟರೆ ಯಾರ ಕಣ್ಣಿಗೆ ಮಣ್ಣು? ಮುಂದಿನ ಸಲ ಕೆಲಸಕ್ಕೆ ಕರೆಯದೇ ಇದ್ದರೆ ನನ್ನ ಡಿಗ್ರಿ ಅವರ ಹೊಟ್ಟೆ ತುಂಬಿಸಲ್ಲ.

ಊರು, ತಾಲ್ಲೂಕು ತೆಗೆದೆ. ಆಲೆಮನೆಯನ್ನ "ಕೂಲಿ ಕೆಲಸದ ಜಾಗ" ಮಾಡಿದೆ. ಕಾರಣ ಉಳಿಸಿಕೊಂಡೆ, ಆ ಸಾಲು ಬಿಟ್ಟೆ. ಬರೆದಿದ್ದನ್ನ ಅವರಿಗೆ ಓದಿ ಹೇಳಿದಾಗ ಅವರಿಗೇನೂ ಸಮಾಧಾನ ಆಗಲಿಲ್ಲ. "ನಂಗೇನ್ ಭಯ, ಬರ್ಕೊಳಿ ಬುಡಿ ಅಂದಿದ್ನಲ್ಲಾ, ಅವ್ರ್ ಸುದ್ದೀನೇ ಬರ್ನಿಲ್ವಲ್ಲ" ಅಂದರು. ಅವರೇ ಬೇಕು ಅಂದ ಮಾತನ್ನ ಅವರ ಒಳ್ಳೇದಕ್ಕೆ ಅಂತ ನಾನು ಅಳಿಸಬಹುದಾ? ಬಿಟ್ಟಿದ್ದೇ ಸರಿ ಅಂತಾರೆ ನನ್ನ ಗೈಡ್. ನನಗೆ ಇನ್ನೂ ಅಷ್ಟು ಖಾತ್ರಿಯಿಲ್ಲ.