ಚಿಗ್ಗರ್ ನುಸಿಯ ಕಡಿತ: ತಡೆಯುವ ಮತ್ತು ಶಮನಗೊಳಿಸುವ ಕ್ರಮ

ಹುಲ್ಲು, ಪೊದೆಗಳ ನಡುವೆ ಓಡಾಡುವಾಗ ಏನೂ ತಿಳಿಯದೆ, ರಾತ್ರಿ ಮಲಗುವ ಹೊತ್ತಿಗೆ ಕಣಕಾಲಿನಲ್ಲೂ ಸೊಂಟದ ಸುತ್ತಲೂ ವಿಪರೀತ ತುರಿಕೆ ಆರಂಭವಾದರೆ, ಅದು ಚಿಗ್ಗರ್ ಕಡಿತವಾಗಿರುವ ಸಾಧ್ಯತೆಯಿದೆ. ಹೆಸರಿನ ಹೋಲಿಕೆಯಿಂದ ಇದನ್ನು ಚಿಗಟವೆಂದು ತಿಳಿಯಬಾರದು. ಚಿಗಟ ನೆಗೆದು ರಕ್ತ ಹೀರುವ ಕೀಟ. ಚಿಗ್ಗರ್ ಎಂಬುದು ಜೇಡದ ಬಳಗಕ್ಕೆ ಸೇರಿದ ಒಂದು ನುಸಿಯ ಮರಿ. ಆರು ಕಾಲುಗಳ, ಕೆಂಪು ಅಥವಾ ಕಿತ್ತಳೆ ಬಣ್ಣದ ಈ ಮರಿಯ ಗಾತ್ರ ಸುಮಾರು 0.2 ಮಿಲಿಮೀಟರ್ ಮಾತ್ರ. ಬೆಳೆದ ನುಸಿ ಮನುಷ್ಯನ ತಂಟೆಗೆ ಬರುವುದಿಲ್ಲ.

ಇದು ಚರ್ಮದೊಳಗೆ ಕೊರೆದು ಸೇರಿಕೊಳ್ಳುತ್ತದೆ ಎಂಬ ನಂಬಿಕೆ ತಪ್ಪು. ಮರಿಯು ಚರ್ಮದ ಮೇಲೆಯೇ ಕಚ್ಚಿಕೊಂಡು, ಜೀವಕೋಶಗಳನ್ನು ಕರಗಿಸುವ ಜೊಲ್ಲನ್ನು ಒಳಕ್ಕೆ ಬಿಟ್ಟು, ಕರಗಿದ ದ್ರವವನ್ನು ಹೀರುತ್ತದೆ. ಜೊಲ್ಲು ಇಳಿದ ಜಾಗದ ಸುತ್ತ ಚರ್ಮ ಗಟ್ಟಿಯಾಗಿ ಸಣ್ಣ ನಳಿಕೆಯಂತಾಗುತ್ತದೆ. ಗುಳ್ಳೆಯ ನಡುವೆ ಕಾಣುವ ಕೆಂಪು ಚುಕ್ಕೆಯನ್ನು ಹುಳುವೆಂದು ಭಾವಿಸಿ ಸೂಜಿಯಿಂದ ಕೆದಕುವವರಿದ್ದಾರೆ, ಆದರೆ ತುರಿಕೆ ಜೋರಾಗುವ ವೇಳೆಗೆ ಮರಿ ಸಾಮಾನ್ಯವಾಗಿ ಉದುರಿಹೋಗಿರುತ್ತದೆ. ಅದನ್ನು ಉಸಿರುಗಟ್ಟಿಸಿ ಕೊಲ್ಲಲೆಂದು ಉಗುರುಬಣ್ಣ ಹಚ್ಚುವುದರಿಂದಲೂ, ಸೀಮೆಎಣ್ಣೆ ಸುರಿಯುವುದರಿಂದಲೂ ಆಗಲೇ ಬೆಂದಂತಾಗಿರುವ ಚರ್ಮಕ್ಕೆ ಇನ್ನಷ್ಟು ಉರಿಯಾಗುತ್ತದೆಯೇ ಹೊರತು ಬೇರೇನೂ ಪ್ರಯೋಜನವಿಲ್ಲ.

ಮೈಮೇಲೆ ಹತ್ತಿದ ಮರಿ ಕೂಡಲೇ ಕಚ್ಚುವುದಿಲ್ಲ. ಮೃದು ಚರ್ಮವನ್ನೋ, ಬಟ್ಟೆ ಬಿಗಿಯಾಗಿ ಕೂರುವ ಜಾಗವನ್ನೋ ಹುಡುಕುತ್ತ ಸಾಕಷ್ಟು ಹೊತ್ತು ಅಲೆಯುತ್ತದೆ. ಕಾಲುಚೀಲದ ಅಂಚು, ಒಳಉಡುಪಿನ ಎಲಾಸ್ಟಿಕ್ ಇರುವಲ್ಲಿ ಗುಳ್ಳೆಗಳು ಸಾಲುಗಟ್ಟಿ ಏಳುವುದು ಇದೇ ಕಾರಣಕ್ಕೆ. ಆದ್ದರಿಂದ ತುರಿಕೆಗಾಗಿ ಕಾಯದೆ, ಮನೆಗೆ ಬಂದೊಡನೆ ಸೋಪು ಹಚ್ಚಿ, ಬಟ್ಟೆಯಿಂದ ಚೆನ್ನಾಗಿ ಉಜ್ಜಿ ಸ್ನಾನ ಮಾಡುವುದೇ ಅತ್ಯುತ್ತಮ ಉಪಾಯ. ಕಳಚಿದ ಉಡುಪನ್ನು ಹಾಸಿಗೆಯ ಮೇಲೆ ಎಸೆಯದೆ ಬಿಸಿನೀರಿನಲ್ಲಿ ಒಗೆಯಬೇಕು.

ಹೊರಡುವ ಮುನ್ನ ಉದ್ದ ತೋಳಿನ ಅಂಗಿ ಧರಿಸಿ, ಪ್ಯಾಂಟಿನ ತುದಿಯನ್ನು ಕಾಲುಚೀಲದೊಳಗೆ ಸೇರಿಸಿಕೊಳ್ಳಬೇಕು. ನೋಡಲು ಚೆನ್ನಾಗಿರದಿದ್ದರೂ ಇದು ಬಹಳ ಉಪಯುಕ್ತ. ಶೇಕಡಾ 20ರಿಂದ 30ರಷ್ಟು ಡೀಟ್ (DEET) ಎಂಬ ರಾಸಾಯನಿಕ ಇರುವ ಕೀಟನಿವಾರಕವನ್ನು ತೆರೆದ ಚರ್ಮಕ್ಕೆ ಹಚ್ಚಬಹುದು, ಆದರೆ ಎರಡು ತಿಂಗಳೊಳಗಿನ ಶಿಶುಗಳಿಗೆ ಹಚ್ಚಬಾರದು. ಶೇಕಡಾ 0.5ರ ಪರ್ಮೆಥ್ರಿನ್ ಎಂಬ ಕೀಟನಾಶಕ ಬಟ್ಟೆ, ಬೂಟುಗಳಿಗೆ ಮಾತ್ರ. ಅದನ್ನು ಸಿಂಪಡಿಸಿ ಪೂರ್ತಿ ಒಣಗಿದ ಮೇಲೆಯೇ ತೊಡಬೇಕು, ಮತ್ತು ಅದು ಬೆಕ್ಕುಗಳಿಗೆ ವಿಷವಾದುದರಿಂದ ಒಣಗುವವರೆಗೆ ಅವುಗಳನ್ನು ದೂರವಿಡಬೇಕು. ಕೂರುವ ಜಾಗದ ಬಗ್ಗೆ ಸಂಶಯವಿದ್ದರೆ, ಒಂದು ಕಪ್ಪು ರಟ್ಟಿನ ತುಂಡನ್ನು ಹುಲ್ಲಿನಲ್ಲಿ ನೆಟ್ಟಗೆ ನಿಲ್ಲಿಸಿ ಕೆಲವು ನಿಮಿಷ ಗಮನಿಸಿ: ಮರಿಗಳಿದ್ದರೆ ಸಣ್ಣ ಚುಕ್ಕೆಗಳಂತೆ ಮೇಲಕ್ಕೆ ಹತ್ತಿ ಅಂಚಿನಲ್ಲಿ ಗುಂಪುಗೂಡುತ್ತವೆ. ಮನೆಯಂಗಳದಲ್ಲಾದರೆ ಹುಲ್ಲನ್ನು ಗಿಡ್ಡವಾಗಿ ಕತ್ತರಿಸಿ, ನೆಲಕ್ಕೆ ಬಿಸಿಲು ತಾಗುವಂತೆ ಪೊದೆಗಳನ್ನು ಸವರಬೇಕು.

ಕಡಿತವಾದ ಮೇಲೆ ಜಾಗವನ್ನು ತೊಳೆದು, ಬಟ್ಟೆಯಲ್ಲಿ ಸುತ್ತಿದ ಮಂಜುಗಡ್ಡೆಯನ್ನು ಹತ್ತು ನಿಮಿಷ ಇಡಿ. ಕ್ಯಾಲಮೈನ್ ಲೋಷನ್ ಅಥವಾ ಶೇಕಡಾ 1ರ ಹೈಡ್ರೊಕಾರ್ಟಿಸೋನ್ ಮುಲಾಮು ತುರಿಕೆಯನ್ನು ತಗ್ಗಿಸುತ್ತದೆ; ನಿದ್ದೆಗೆಡಿಸುವಷ್ಟು ಕಾಟವಿದ್ದರೆ ಸೆಟಿರಿಜಿನ್‌ನಂತಹ ಅಲರ್ಜಿ ಮಾತ್ರೆಯನ್ನು ಔಷಧಿ ಅಂಗಡಿಯವರನ್ನೋ ವೈದ್ಯರನ್ನೋ ಕೇಳಿ ತೆಗೆದುಕೊಳ್ಳಬಹುದು. ಮೊದಲ ಒಂದೆರಡು ದಿನ ತುರಿಕೆ ಉತ್ತುಂಗದಲ್ಲಿದ್ದು, ಗುಳ್ಳೆಗಳು ಮಾಯಲು ಒಂದೆರಡು ವಾರ ಬೇಕಾಗುತ್ತದೆ. ಅಷ್ಟರವರೆಗೆ ಉಗುರುಗಳನ್ನು ಚಿಕ್ಕದಾಗಿ ಕತ್ತರಿಸಿಕೊಳ್ಳಿ, ಏಕೆಂದರೆ ಕೆರೆದು ಮಾಡಿಕೊಂಡ ಗಾಯವೇ ಹೆಚ್ಚಾಗಿ ಕೀವುಗಟ್ಟುತ್ತದೆ.

ಏಷ್ಯಾ ಮತ್ತು ಪೆಸಿಫಿಕ್ ಪ್ರದೇಶದ ಹಲವೆಡೆ ಕೆಲವು ಜಾತಿಯ ಚಿಗ್ಗರ್‌ಗಳು ಸ್ಕ್ರಬ್ ಟೈಫಸ್ ಎಂಬ ಜ್ವರವನ್ನು ಹರಡುತ್ತವೆ. ಅಲ್ಲಿ ಓಡಾಡಿದ ಎರಡು, ಮೂರು ವಾರಗಳೊಳಗೆ ಜ್ವರ, ತೀವ್ರ ತಲೆನೋವು, ಮೈಕೈ ನೋವು ಬಂದರೆ, ಸಿಗರೇಟಿನಿಂದ ಸುಟ್ಟಂತಹ ಕಪ್ಪು ಹೊಪ್ಪಳೆಗಾಗಿ ಕಂಕುಳು, ತೊಡೆಸಂದು, ಸ್ತನದಡಿಯಲ್ಲೂ ಹುಡುಕಬೇಕು. ಅದು ನೋಯುವುದಿಲ್ಲವಾದ್ದರಿಂದ ಗಮನಕ್ಕೆ ಬಾರದೆ ಉಳಿಯುತ್ತದೆ, ಕೆಲವರಲ್ಲಿ ಮೂಡುವುದೂ ಇಲ್ಲ. ಡಾಕ್ಸಿಸೈಕ್ಲಿನ್ ಎಂಬ ಪ್ರತಿಜೀವಕ ಔಷಧಿಯಿಂದ ಈ ಜ್ವರ ಗುಣವಾಗುತ್ತದೆ, ಆದರೆ ತಡವಾದರೆ ಪ್ರಾಣಕ್ಕೇ ಅಪಾಯ. ವೈದ್ಯರ ಬಳಿ ಹೋದಾಗ ಹುಲ್ಲು, ಪೊದೆಗಳಲ್ಲಿ ಓಡಾಡಿದ ವಿಷಯವನ್ನು ಅವರು ಕೇಳದಿದ್ದರೂ ನೀವಾಗಿಯೇ ಹೇಳಿ.